ಕಲಾಭವನದಲ್ಲಿ ಕಾಯ್ದೆಯ ಮದುವೆ

ಮಕ್ಕಳ ವಿವಾಹವನ್ನು 1954ರ ವಿಶೇಷ ವಿವಾಹ ಕಾಯ್ದೆಯಂತೆ ಊರಿನ ಕಲಾಭವನದಲ್ಲಿ ಸರಳವಾಗಿ ನೆರವೇರಿಸಬಯಸುವ ಹಿರಿಯರನ್ನು ನಾವು ಮೆಚ್ಚುತ್ತೇವೆ. ಹೆಚ್ಚುವರಿ ಶುಲ್ಕ ತೆತ್ತು, ಕಚೇರಿಯಿಂದ ಯುಕ್ತ ದೂರದೊಳಗಿನ ಬೇರೆಡೆಯಲ್ಲಿ ಮದುವೆಯಾಗಲು ಕಾಯ್ದೆಯೇ ಅವಕಾಶವಿತ್ತಿದೆ. ಆದರೆ ಭವನ ಗೊತ್ತುಮಾಡಿ, ಲಗ್ನಪತ್ರಿಕೆ ಅಚ್ಚುಹಾಕಿಸಿದ ಮೇಲೆ ವಿವಾಹಾಧಿಕಾರಿಯನ್ನು ಕಾಣುವುದು ತರವಲ್ಲ. ವಧೂವರರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ 30 ದಿನ ವಾಸವಿದ್ದು ನೋಟೀಸು ಕೊಡಬೇಕು. ಅದು ಪ್ರಕಟವಾಗಿ 30 ದಿನ ಕಳೆದು, ಆಕ್ಷೇಪಣೆ ಬಾರದಿದ್ದರೆ, ನೋಟೀಸು ಕೊಟ್ಟ 3 ತಿಂಗಳೊಳಗೆ ವಿವಾಹ ನಡೆಯಬೇಕು. ಭವನದ ದಿನವನ್ನು ಈ ಅವಧಿಯಲ್ಲಿಯೇ, ಅಧಿಕಾರಿಯ ಒಪ್ಪಿಗೆ ಪಡೆದು ನಿಶ್ಚಯಿಸಿರಿ. ಹೂವು, ಸಂಗೀತ, ಊಟ ಎಷ್ಟೇ ಇರಲಿ, ಅಧಿಕಾರಿ ಹಾಗೂ ಮೂವರು ಸಾಕ್ಷಿಗಳ ಸಮಕ್ಷಮದಲ್ಲಿ, ತಮಗೆ ತಿಳಿಯುವ ಭಾಷೆಯಲ್ಲಿ, ವಧೂವರರು ಪರಸ್ಪರ ಸ್ವೀಕಾರದ ಮಾತನ್ನಾಡದೆ ಆ ವಿವಾಹ ಪೂರ್ಣವಾಗದು. ಆ ಮಾತು ಬಂಧುಗಳೆಲ್ಲರಿಗೂ ಕೇಳಿಸುವಂತೆ ವೇದಿಕೆಯ ನಡುವೆಯೇ ನುಡಿಸಿರಿ.