ಮುಹೂರ್ತದಿಂದ ಹಿಂದಕ್ಕೆ ಎಣಿಸಿ

ಪೆರಂಬೂರಿನ ನಮ್ಮ ಮನೆಯ ಹತ್ತಿರವೇ ಐಸಿಎಫ್. 1955ರಿಂದ ಇಲ್ಲಿ ರೈಲು ಬೋಗಿಗಳು ತಯಾರಾಗುತ್ತಿವೆ. ತಪಾಸಣೆ ಮುಗಿಯದೆ ಯಾವ ಬೋಗಿಯೂ ಪ್ರಯಾಣಿಕರನ್ನು ಹತ್ತಿಸಿಕೊಳ್ಳದು. ತಂತ್ರಾಂಶ ಕ್ಷೇತ್ರದ ನಮಗೂ ಅಂಥ ತಪಾಸಣೆ ಉಂಟು.

ಅಂತರ್ಜಾಲದಲ್ಲಿ ನಮ್ಮ ಮಾಹಿತಿಗೆ ಬೀಗ ಹಾಕುವ ಮುಕ್ತ ತಂತ್ರಾಂಶ ಓಪನ್‌ಎಸ್‌ಎಸ್‌ಎಲ್. ಅಮೆರಿಕದ ಸರ್ಕಾರಿ ಕೆಲಸಕ್ಕೆ ಇಂಥದ್ದನ್ನು ಬಳಸಲು ಫಿಪ್ಸ್ ಪ್ರಮಾಣಪತ್ರ ಬೇಕು. ಇದರ ಮೂರನೇ ಆವೃತ್ತಿ 17 ಆಲ್ಫಾ, 2 ಬೀಟಾ ದಾಟಿ 2021ರ ಸೆಪ್ಟೆಂಬರ್ 7ರಂದು ಹೊರಬಂತು. ಪ್ರಮಾಣಪತ್ರ ಕೈಸೇರಿದ್ದು 2022ರ ಆಗಸ್ಟ್‌ನಲ್ಲಿ. ಅಂದರೆ ಹೆಚ್ಚುಕಡಿಮೆ ಒಂದು ವರ್ಷ!

ತೊಡಕು ಇನ್ನೊಂದಿದೆ. ಪರೀಕ್ಷೆಯಾದ ಕೋಡ್‌ನಲ್ಲಿ ಒಂದು ಸಾಲು ತಿದ್ದಿದರೂ ಆ ಪತ್ರ ಹೊಸ ಕೋಡ್‌ಗೆ ಅನ್ವಯಿಸದು. ಹಾಗೆಂದು ದೋಷ ಕಂಡಾಗ ಸುಮ್ಮನಿರಲಾದೀತೇ? ಅದಕ್ಕೇ ಪ್ರಮಾಣಪತ್ರ ಬೇಕಾದ ಭಾಗವನ್ನು ಪ್ರತ್ಯೇಕ ಮಾಡ್ಯೂಲ್ ಆಗಿಸಿ, ಉಳಿದದ್ದನ್ನು ತಿದ್ದಲು ಮುಕ್ತವಾಗಿಟ್ಟರು. ಜಾಣತನದ ದಾರಿ.

ಈ ಆವೃತ್ತಿಯ ಬೆಂಬಲಕ್ಕೆ ಕೊನೆಯ ದಿನ 2026ರ ಸೆಪ್ಟೆಂಬರ್ 7. ಹಳೆಯ ಫಿಪ್ಸ್ 140-2 ಪತ್ರಗಳಿಗೆ ಅದೇ ತಿಂಗಳ 21. ಎರಡೂ ವರ್ಷಗಳ ಮೊದಲೇ ಗೊತ್ತಿದ್ದ ದಿನಾಂಕಗಳು. ಆದರೂ ಬಾಯಾರಿದಾಗ ಬಾವಿ ತೋಡುವುದು ನಮ್ಮ ಅಭ್ಯಾಸ. ಒಮ್ಮೆ ನನ್ನ ತಂಡವೂ ಗಡುವಿನ ಕೊನೆಯ ವಾರ ಕಣ್ಣುಬಿಟ್ಟು, ಪುಕ್ಕಟೆ ದುಡಿಯುವ ಮುಕ್ತ ತಂತ್ರಾಂಶದವರಿಗೆ ಅವಸರ ಮಾಡಿತ್ತು. ತಪ್ಪು ನಮ್ಮದೇ.

ಮದುವೆ ಮನೆಯಲ್ಲಿ ಮುಹೂರ್ತದಿಂದ ಹಿಂದಕ್ಕೆ ಎಣಿಸಿ ಚಪ್ಪರ ಹಾಕುತ್ತಾರೆ. ಬಿಡುಗಡೆಯ ಯೋಜನೆಯೂ ಹಾಗೇ ಆಗಲಿ. ಲಾಭ ಪಡೆಯುವ ಕಂಪನಿಗಳು ಪರೀಕ್ಷೆಯ ಖರ್ಚಿಗೂ ಕೈಜೋಡಿಸಲಿ.