ಮೋರಿ ಕಟ್ಟೆಯ ಮೇಲಿನ ಲೆಕ್ಕ

ಮಕ್ಕಳೇ, ಮಕ್ಕಳ ಪಕ್ಕ ಕೂತು ಕನ್ನಡಕ ಹುಡುಕುತ್ತಿರುವ ಹಿರಿಯರೇ, ಈ ವಾರ ನಿಮ್ಮನ್ನೆಲ್ಲ ನಮ್ಮೂರ ರಸ್ತೆಯ ಮೋರಿ ಕಟ್ಟೆಯ ಮೇಲೆ ಕೂರಿಸುತ್ತೇನೆ. ಬೆಳಿಗ್ಗೆ ಏಳಕ್ಕೇ ಬರಬೇಕು. ಕಟ್ಟೆ ತಣ್ಣಗಿರುತ್ತದೆ, ಅಜ್ಜಂದಿರು ಟವೆಲ್ ತಂದರೆ ಒಳ್ಳೆಯದು.

ನಮ್ಮೂರು ಅಷ್ಟೂರ. ಬೀದರ್ ಪಟ್ಟಣದಿಂದ ಪೂರ್ವಕ್ಕೆ ಮೂರು-ನಾಲ್ಕು ಕಿಲೋಮೀಟರ್. ಹೊರಗಿನವರು ಇಲ್ಲಿಗೆ ಬರುವುದು ಬಹಮನಿ ಸುಲ್ತಾನರ ಗುಮ್ಮಟಗಳನ್ನು ನೋಡಲು. ಅವುಗಳಲ್ಲಿ ಒಂದು ಸಿಡಿಲು ಬಡಿದು ಒಡೆದ ಗಡಿಗೆಯ ಹಾಗೆ ಅರ್ಧವೇ ನಿಂತಿದೆ. ಆದರೆ ನಮ್ಮೂರ ಮಕ್ಕಳಿಗೆ ಆ ರಸ್ತೆ ಹೈಸ್ಕೂಲಿಗೆ ಹೋಗುವ ರಸ್ತೆ, ಅಷ್ಟೇ.

ನನ್ನ ಮೊಮ್ಮಗಳು ಒಂಬತ್ತನೇ ಇಯತ್ತೆ. ಅವಳ ವಿಜ್ಞಾನದ ಟೀಚರ್ ಒಂದು ಕೆಲಸ ಕೊಟ್ಟಿದ್ದರು: ‘ನಮ್ಮೂರ ರಸ್ತೆ ಮತ್ತು ಸುಸ್ಥಿರ ಸಂಚಾರ’.

‘ಮುತ್ಯಾ, ಸುಸ್ಥಿರ ಅಂದ್ರ ಏನು?’

‘ನಿನ್ನ ಮೊಮ್ಮಕ್ಕಳ ಕಾಲಕ್ಕೂ ಗಾಳಿ, ಎಣ್ಣಿ, ಜಾಗ ಉಳಿಯೋ ಹಂಗ ಓಡ್ಯಾಡೋದು’ ಅಂದೆ. ಮೂವತ್ತು ವರ್ಷಕ್ಕಿಂತ ಹೆಚ್ಚು ಗಣಿತ ಕಲಿಸಿದವನು ನಾನು. ಪಾಠ ಹೇಳುವ ಅವಕಾಶ ಸಿಕ್ಕರೆ ಬಿಡುವುದಿಲ್ಲ. ಸ್ಕೇಲು ಹಿಡಿದು ಹಾಳೆಯ ಮೇಲೆ ನಾನೇ ಏಳು ಕಾಲಂ ಗೆರೆ ಹಾಕಿಕೊಟ್ಟೆ: ಬೈಕು, ಆಟೊ, ಕಾರು, ಬಸ್ಸು, ಲಾರಿ, ಟ್ರ್ಯಾಕ್ಟರ್, ಸೈಕಲ್. ಏಳರಿಂದ ಒಂಬತ್ತೂವರೆವರೆಗೆ ಹಾದುಹೋದದ್ದಕ್ಕೆಲ್ಲ ಒಂದೊಂದು ಗೀಟು. ಅವಳ ಕೈಯಲ್ಲಿ ಪೆನ್ನು, ನನ್ನ ಕೈಯಲ್ಲಿ ಛತ್ರಿ.

ಬೈಕಿನ ಕಾಲಂ ಎಂಟು ಗಂಟೆಗೇ ತುಂಬಿತು. ಒಂದು ಎತ್ತಿನ ಗಾಡಿ ಬಂತು. ಅವಳು ಸ್ವಲ್ಪ ಯೋಚಿಸಿ ಟ್ರ್ಯಾಕ್ಟರ್ ಕಾಲಂನಲ್ಲಿ ಗೀಟು ಹಾಕಿದಳು. ನಾನು ನೋಡಿಯೂ ಸುಮ್ಮನಿದ್ದೆ.

ಒಂಬತ್ತರ ಹೊತ್ತಿಗೆ ಅವಳ ಆಯಿ ಹೊಲದಿಂದ ಬಂದಳು. ತಲೆಯ ಮೇಲೆ ಮೇವಿನ ಹೊರೆ, ಹಿಂದೆ ಇನ್ನೂ ನಾಲ್ಕು ಹೆಣ್ಣುಮಕ್ಕಳು. ಹೊರೆ ಇಳಿಸಿ ಹಾಳೆ ಇಸಿದುಕೊಂಡಳು. ಓದು ಅಷ್ಟಾಗಿ ಬಾರದಿದ್ದರೂ ಗೀಟುಗಳನ್ನು ನೋಡಿ ಕೇಳಿದಳು.

‘ಇದ್ರಾಗ ನಾ ಎಲ್ಲಿದ್ದೀನಿ?’

ಎಲ್ಲಿಯೂ ಇರಲಿಲ್ಲ. ನಡೆದು ಹೋಗುವವರಿಗೆ ನಾನು ಗೆರೆಯನ್ನೇ ಹಾಕಿರಲಿಲ್ಲ. ನೋಡಿ, ನಾನೇ ಐವತ್ತು ವರ್ಷ ಈ ರಸ್ತೆಯಲ್ಲಿ ನಡೆದವನು.

ಮರುದಿನ ಮೊಮ್ಮಗಳು ಈ ವಿಷಯವನ್ನು ಸಮಾಜ ವಿಜ್ಞಾನದ ಮೇಷ್ಟ್ರಿಗೆ ಹೇಳಿದಳಂತೆ. ಅವರು ನಕ್ಕು, ‘ನಿನ್ನ ಅಜ್ಜ ಒಬ್ಬರೇ ಅಲ್ಲಮ್ಮ’ ಎಂದು ಜನಗಣತಿಯ ಮಾತು ತೆಗೆದರು. 2011ರ ಜನಗಣತಿಯಲ್ಲಿ ನಮ್ಮ ದೇಶ ಒಂದು ಪ್ರಶ್ನೆ ಕೇಳಿತು: ಕೆಲಸಕ್ಕೆ ಎಷ್ಟು ದೂರ ಹೋಗುತ್ತೀರಿ, ಹೇಗೆ ಹೋಗುತ್ತೀರಿ? ನಡೆದು, ಸೈಕಲ್‌ನಲ್ಲಿ, ಬಸ್ಸಿನಲ್ಲಿ ಎಂದೆಲ್ಲ ಉತ್ತರಗಳಿದ್ದವು. ಒಳ್ಳೆಯ ಪ್ರಶ್ನೆಯೇ. ಆದರೆ ಹೊಲದಲ್ಲಿ ದುಡಿಯುವವರಿಗೆ, ಮನೆಯಲ್ಲೇ ಕಸುಬು ಮಾಡುವವರಿಗೆ ಅದನ್ನು ಕೇಳಲಿಲ್ಲ. ಹೊರೆ ಹೊತ್ತು ದಿನಾ ನಡೆಯುವ ಆಯಿ ಅಲ್ಲಿಯೂ ಬಿಟ್ಟುಹೋದಳು. ಹೊಗೆ ಬಿಡದೆ, ಒಂದು ಹನಿ ಪೆಟ್ರೋಲು ಸುಡದೆ ಓಡಾಡುವವರೇ ಲೆಕ್ಕದ ಹೊರಗೆ!

ಇನ್ನು ಬಸ್ಸಿನ ಮಾತು. ಆ ಹೊತ್ತಿನಲ್ಲಿ ಬಂದದ್ದು ಒಂದೇ ಬಸ್ಸು, ಅದರಲ್ಲೂ ಸೀಟುಗಳು ಖಾಲಿ. ನಾನು ಗಣಿತದವನ ಗತ್ತಿನಲ್ಲಿ, ‘ಬರಕೊ. ಬಸ್ಸಿಗೆ ಜನ ಇಲ್ಲ. ಅಂದ್ರ ಈ ದಾರಿಗೆ ಬಸ್ಸು ಅಷ್ಟು ಬೇಕಾಗಿಲ್ಲ’ ಎಂದೆ.

ಅವಳು ಪೆನ್ನು ಕೆಳಗಿಟ್ಟಳು. ‘ಮುತ್ಯಾ, ನಮ್ಮ ಶಾಲಿ ಗಂಟಿ ಹೊಡೆದ ಮ್ಯಾಲ ಮುಟ್ಟೋ ಬಸ್ಸಿನಾಗ ನಾವು ಹ್ಯಾಂಗ ಕೂಡ್ಲಿ?’

ಕೂಡಿಸಿದ್ದು ಸರಿ ಇತ್ತು, ಕಾರಣ ತಲೆಕೆಳಗಾಗಿತ್ತು. ಜನರಿಲ್ಲದ್ದಕ್ಕೆ ಬಸ್ಸು ಬೇಡ ಅಂತಲ್ಲ. ಬಸ್ಸು ತಡವಾದ್ದಕ್ಕೆ ಜನರಿಲ್ಲ. ಅವಳ ಪಕ್ಕದ ಬೆಂಚಿನ ಗೆಳತಿ ಎಂಟನೇ ಇಯತ್ತೆ ಮುಗಿಸಿ ಶಾಲೆ ಬಿಟ್ಟಿದ್ದಾಳೆ. ‘ಇಷ್ಟು ದೂರ ಒಬ್ಬಾಕಿನ್ನ ನಡ್ಸಿ ಹ್ಯಾಂಗ ಕಳ್ಸೋದು?’ ಎಂದು ಮನೆಯವರು ಅಂದರಂತೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಟಿಕೆಟ್ಟಿಗೆ ದುಡ್ಡು ಬೇಕಿಲ್ಲ. ಆದರೆ ಬಸ್ಸು ಹೊತ್ತಿಗೆ ಬರಬೇಕಲ್ಲ! ಆ ಗೆಳತಿಗೂ ನನ್ನ ಏಳು ಕಾಲಂಗಳಲ್ಲಿ ಜಾಗವಿರಲಿಲ್ಲ. ಮನೆಯಿಂದ ಹೊರಡದೇ ಇದ್ದವರನ್ನು ಮೋರಿ ಕಟ್ಟೆಯ ಮೇಲೆ ಕೂತು ಎಣಿಸುವುದು ಹೇಗೆ?

ಇದನ್ನು ಎಣಿಸಿದವರಿದ್ದಾರೆ. ಬಿಹಾರದಲ್ಲಿ 2006ರಲ್ಲಿ ಹೈಸ್ಕೂಲು ಸೇರುವ ಹುಡುಗಿಯರಿಗೆ ಸೈಕಲ್ ಕೊಡುವ ಯೋಜನೆ ಬಂತು. ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಎಂಬ ಅರ್ಥಶಾಸ್ತ್ರಜ್ಞರು ಅದರ ಫಲ ಏನೆಂದು ಲೆಕ್ಕ ಹಾಕಿದರು. ಹೈಸ್ಕೂಲು ಸೇರುವ ಹುಡುಗಿಯರ ಪ್ರಮಾಣ 32 ಶೇಕಡಾ ಏರಿತ್ತು. ಅದರಲ್ಲೂ ಶಾಲೆ ಮೂರು ಕಿಲೋಮೀಟರ್ ಅಥವಾ ಅದಕ್ಕಿಂತ ದೂರ ಇದ್ದ ಹಳ್ಳಿಗಳಲ್ಲಿ ಹೆಚ್ಚು ಏರಿತ್ತು. ನಮ್ಮೂರಿನಷ್ಟೇ ದೂರ, ನೋಡಿ! ನಮ್ಮ ಕರ್ನಾಟಕದಲ್ಲೂ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವುದು ಶುರುವಾಗಿತ್ತು. ಸೈಕಲ್ ಎಂದರೆ ಬರೀ ಚಕ್ರ, ಚೈನು ಎಂದುಕೊಂಡಿದ್ದ ನನಗೆ, ಅದು ಅರ್ಥಶಾಸ್ತ್ರದ ಪುಸ್ತಕಕ್ಕೂ ಹೋಗುತ್ತದೆಂದು ತಿಳಿದದ್ದು ಈ ವಯಸ್ಸಿನಲ್ಲಿ.

ಟ್ರ್ಯಾಕ್ಟರ್ ಕಾಲಂನಲ್ಲಿ ಹೂತುಹೋದ ಎತ್ತಿನ ಗಾಡಿ ನೆನಪಿದೆಯಲ್ಲ? ಅದಕ್ಕೂ ದೊಡ್ಡ ವಿದ್ವಾಂಸರೊಬ್ಬರು ತಲೆ ಕೆಡಿಸಿಕೊಂಡಿದ್ದರು. ಎನ್. ಎಸ್. ರಾಮಸ್ವಾಮಿ, ಐಐಎಂ ಬೆಂಗಳೂರಿನ ಮೊದಲ ನಿರ್ದೇಶಕರು. ದೊಡ್ಡ ಕಂಪನಿ ನಡೆಸುವುದನ್ನು ಕಲಿಸುವ ಸಂಸ್ಥೆಯವರು ಎತ್ತಿನ ಗಾಡಿಯ ಹಿಂದೆ ಬಿದ್ದದ್ದು ಏಕೆ? ದೇಶದ ಎಷ್ಟೋ ಸರಕು ಅದರ ಮೇಲೇ ಸಾಗುತ್ತಿತ್ತು, ಆದರೆ ಗಾಡಿ ಮಾತ್ರ ನೂರಾರು ವರ್ಷ ಹಿಂದಿನ ಹಾಗೇ ಇತ್ತು. ಗಾಡಿ ಹಗುರವಾಗಬೇಕು, ಚಕ್ರಕ್ಕೆ ಟೈರು, ಬೇರಿಂಗು ಬೇಕು, ಎತ್ತಿನ ಕುತ್ತಿಗೆ ಹುಣ್ಣಾಗದ ನೊಗ ಬೇಕು ಎಂದು ಅವರು ಹೇಳುತ್ತ ಬಂದರು. ಬೇರಿಂಗು ಯಂತ್ರ ಬಲ್ಲವರ ಕೆಲಸ, ಕುತ್ತಿಗೆಯ ಹುಣ್ಣು ಪಶುವೈದ್ಯರ ಕೆಲಸ, ಹೊಸ ಗಾಡಿಗೆ ರೈತ ದುಡ್ಡು ಎಲ್ಲಿಂದ ತರುತ್ತಾನೆ ಎಂಬುದು ಬ್ಯಾಂಕಿನವರ ಕೆಲಸ. ಒಬ್ಬರು ಬಾರದಿದ್ದರೂ ಗಾಡಿ ನಿಂತಲ್ಲೇ. ನಮ್ಮ ಭಾಲ್ಕಿ, ಔರಾದ ಕಡೆಯ ದೇವಣಿ ಎತ್ತುಗಳನ್ನು ಕಂಡವರಿಗೆ ಆ ನೊಗದ ಮಾತು ಮನಸ್ಸಿಗೆ ನಾಟುತ್ತದೆ. ನಮ್ಮಪ್ಪನ ಜೋಡಿಯ ಕುತ್ತಿಗೆಗೆ ಎಣ್ಣೆ, ಅರಿಶಿನ ಹಚ್ಚುತ್ತಿದ್ದದ್ದು ನಾನೇ. ಹುಣ್ಣು ವಾಸಿಯಾಗುವ ಮೊದಲೇ ಮತ್ತೆ ನೊಗ ಏರುತ್ತಿತ್ತು.

ಹೀಗೆ ಬೇರೆ ಬೇರೆ ಓದಿನವರು ಒಂದೇ ರಸ್ತೆಯನ್ನು ನೋಡುವ ಕೇಂದ್ರವೊಂದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 2009ರಲ್ಲೇ ತೆರೆದಿದೆ. ಮೊಮ್ಮಗಳಿಗೆ ಇದನ್ನು ಹೇಳಿದಾಗ ಅವಳ ಪ್ರಶ್ನೆ ಬೇರೆಯೇ ಇತ್ತು: ‘ಅಲ್ಲಿಗಿ ಹೋಗಬೇಕಂದ್ರ ಸೈನ್ಸ್ ತಗೋಬೇಕಾ, ಆರ್ಟ್ಸಾ?’ ಅವಳಪ್ಪ ಅಡುಗೆಮನೆಯಿಂದಲೇ ‘ಸೈನ್ಸ್’ ಅಂದ. ಆಯಿ ‘ಮೊದಲ ಊಟ ತಗೋ’ ಅಂದಳು. ನಾನು ಈ ಸಲ ಬಾಯಿ ಮುಚ್ಚಿಕೊಂಡಿದ್ದೆ.

ಎರಡನೇ ಸಲದ ಹಾಳೆಗೆ ಗೆರೆ ಹಾಕಿದ್ದು ಅವಳೇ. ಹನ್ನೊಂದು ಕಾಲಂ. ನಡೆಯುವ ಗಂಡಸರು, ನಡೆಯುವ ಹೆಣ್ಣುಮಕ್ಕಳು, ತಲೆ ಮೇಲೆ ಹೊರೆ ಇದ್ದವರು, ಎತ್ತಿನ ಗಾಡಿ, ಎಲ್ಲವೂ ಬಂದವು. ಕನ್ನಡದ ಟೀಚರ್ ಹೇಳಿದಂತೆ ಹಾಳೆಯ ಹಿಂದೆ ಮುದುಕರ ಮಾತೂ ಬರೆದುಕೊಂಡಳು. ಹೋಳಿ ಕಳೆದ ಮೇಲೆ ಬರುವ ಅಹ್ಮದ್ ಶಾ ವಲಿಯ ಜಾತ್ರೆಯ ಕಥೆಯನ್ನೇ ಎಲ್ಲರೂ ಹೇಳಿದರು. ಆ ಸುಲ್ತಾನನನ್ನು ಅಲ್ಲಮಪ್ರಭು ಎಂದೂ ನಂಬುವ ಊರು ನಮ್ಮದು. ಜಾತ್ರೆಗೆ ಕಲಬುರಗಿ ಜಿಲ್ಲೆಯ ಮಾಡಿಯಾಳದಿಂದ ಜಂಗಮರು ನಡೆದೇ ಬರುತ್ತಾರೆ. ‘ಅವ್ರಿಗಿ ಯಾವ ಕಾಲಂ ಹಾಕ್ತಿ?’ ಎಂದು ಒಬ್ಬ ಮುದುಕ ಕೇಳಿದನಂತೆ.

ಹಾಳೆಯ ಪ್ರತಿ ಮತ್ತು ‘ಬಸ್ಸನ್ನು ಮುಕ್ಕಾಲು ಗಂಟೆ ಮುಂಚೆ ಬಿಡಿ’ ಎಂಬ ಅರ್ಜಿಯನ್ನು ಮಕ್ಕಳು ಹೋದ ತಿಂಗಳು ಕೊಟ್ಟುಬಂದಿದ್ದಾರೆ. ತೆಗೆದುಕೊಂಡವರು ಚಹಾ ಕುಡಿಸಿ ಕಳಿಸಿದರಂತೆ, ಉತ್ತರ ಇನ್ನೂ ಬಂದಿಲ್ಲ. ಅರ್ಜಿಗೆ ಸಹಿ ಹಾಕಿದವರಲ್ಲಿ ಶಾಲೆ ಬಿಟ್ಟ ಆ ಗೆಳತಿಯೂ ಇದ್ದಾಳೆ. ತನ್ನ ಹೆಸರಿನ ಮುಂದೆ ‘9ನೇ ತರಗತಿ’ ಎಂದೇ ಬರೆದಿದ್ದಾಳೆ. ಅದನ್ನು ಯಾರೂ ಹೊಡೆದುಹಾಕಿಲ್ಲ.

ಬರುವ ಸೋಮವಾರ ಮೂರನೇ ಸಲ ಎಣಿಸುವುದಿದೆ. ‘ಅವತ್ತು ಹೊಸ ಸೀರಿ ಉಡ್ಲಾ?’ ಎಂದು ಆಯಿ ಕೇಳುತ್ತಿದ್ದಾಳೆ.