ನಮಗೂ ಒಬ್ಬ ಹಿಟ್ಲರ್ ಬೇಕು ಅನ್ನೋರಿಗೆ

ಮೊನ್ನೆ ಆಫೀಸಲ್ಲಿ ಟೀ ಕುಡಿಯೋ ಹೊತ್ತಲ್ಲಿ ಸಹೋದ್ಯೋಗಿಯೊಬ್ಬರು ಹೇಳಿದರು, "ಈ ದೇಶ ಉದ್ಧಾರ ಆಗ್ಬೇಕು ಅಂದ್ರೆ ಒಬ್ಬ ಹಿಟ್ಲರ್ ಬರ್ಬೇಕು ಕಣ್ರೀ." ಸುತ್ತ ಇದ್ದ ನಾಲ್ಕೈದು ಜನ ತಲೆಯಾಡಿಸಿದರು. ಹೇಳಿದವರು ಕೆಟ್ಟವರಲ್ಲ. ನನ್ನ ಮಗಳು ಆಸ್ಪತ್ರೆಯಲ್ಲಿದ್ದಾಗ ನನ್ನ ಟೇಬಲ್ಲಿನ ಕಡತಗಳನ್ನೆಲ್ಲ ತಾವೇ ಮುಗಿಸಿಕೊಟ್ಟವರು. ಅದಕ್ಕೇ ಅಲ್ಲಿ ಜಗಳ ಆಡಲಿಲ್ಲ. ಇಲ್ಲಿ ಬರೀತಿದ್ದೀನಿ. ಅವರೂ ಓದಲಿ, ತಲೆಯಾಡಿಸಿದವರೂ ಓದಲಿ.

ಸರ್, ಹಿಟ್ಲರ್ ಬಂದ ಮೇಲೆ ಮೊದಮೊದಲು ಯಾರ ಕೆಲಸ ಹೋಯ್ತು ಗೊತ್ತಾ? ನಮ್ಮಂಥ ಸರ್ಕಾರಿ ನೌಕರರದ್ದು. 1933ರ ಜನವರಿ 30ರಂದು ಆತ ಚಾನ್ಸಲರ್ ಆದ. ಏಪ್ರಿಲ್ 7ಕ್ಕೆ ಕಾಯ್ದೆ ಬಂತು: ಯಹೂದಿಗಳನ್ನೂ ಸರ್ಕಾರದ ವಿರೋಧಿಗಳನ್ನೂ ನೌಕರಿಯಿಂದ ತೆಗೆಯಿರಿ ಅಂತ. ಅಜ್ಜ ಅಜ್ಜಿಯರು ನಾಲ್ಕು ಜನರಲ್ಲಿ ಒಬ್ಬರು ಯಹೂದಿ ಆಗಿದ್ದರೂ ಸಾಕು, ನೀನು ಆರ್ಯನಲ್ಲ. ಮನುಷ್ಯನನ್ನ ಹುಟ್ಟಿನಿಂದ ಅಳೆಯೋ ಆ ಅಳತೆಗೋಲು ನಮ್ಮ ಜನಕ್ಕೆ ಹೊಸದಲ್ಲ. ಮೊದಲ ಮಹಾಯುದ್ಧದಲ್ಲಿ ಜರ್ಮನಿಗಾಗಿಯೇ ಹೋರಾಡಿದ್ದ ಯಹೂದಿ ನೌಕರರಿಗೆ ಆಗ ವಿನಾಯಿತಿ ಕೊಟ್ಟರು. 1935ರಲ್ಲಿ ಅದನ್ನೂ ಕಿತ್ಕೊಂಡರು. ದೇಶಕ್ಕಾಗಿ ರಕ್ತ ಸುರಿಸಿದ್ರೂ ದೇಶಭಕ್ತ ಆಗೋಕೆ ಆಗಲಿಲ್ಲ. 1938ರಲ್ಲಿ ಅವರ ಪಾಸ್‌ಪೋರ್ಟಿನ ಮೇಲೆ ಕೆಂಪು 'ಜೆ' ಸೀಲು ಬಿತ್ತು. ಆ ಸೀಲು ಒತ್ತಿದವನೂ ಒಬ್ಬ ಗುಮಾಸ್ತನೇ. ಸಂಜೆ ಮನೆಗೆ ಹೋಗಿ ಮಕ್ಕಳ ಜೊತೆ ಊಟ ಮಾಡಿರ್ತಾನೆ.

"ಅದು ಅವರ ದೇಶದ ಒಳಗಿನ ವಿಷಯ, ಯುದ್ಧಕ್ಕೂ ಅದಕ್ಕೂ ಏನು ಸಂಬಂಧ?" ಅಂತ ಕೇಳ್ತೀರಿ. ಅಲ್ಲೇ ಇರೋದು ವಿಷಯ. ಮನೆಯೊಳಗೆ ಶತ್ರುವನ್ನ ಹುಡುಕಿ ಹೊಡೆಯೋದನ್ನ ಕಲಿಸಿದ ಸರ್ಕಾರವೇ ಆಮೇಲೆ ಗಡಿ ದಾಟೋದು. ಯಾಕಂದ್ರೆ ಅಷ್ಟೊತ್ತಿಗೆ "ಬೇಡ" ಅನ್ನೋರು ಯಾರೂ ಉಳಿದಿರೋದಿಲ್ಲ.

ಲೆಕ್ಕ ಹಾಕಿ. 1933ರ ಮಾರ್ಚ್ 23ರಂದು ಸಂಸತ್ತು ತನ್ನ ಅಧಿಕಾರವನ್ನೆಲ್ಲ ಒಬ್ಬನ ಕೈಗೆ ಬರೆದುಕೊಡ್ತು. ಪರವಾಗಿ 444 ಮತ, ವಿರುದ್ಧ 94. ಆ 94 ಮಂದಿಯೂ ಸೋಶಿಯಲ್ ಡೆಮೊಕ್ರಾಟರು. ಕಮ್ಯುನಿಸ್ಟ್ ಸದಸ್ಯರನ್ನ ಒಳಗೇ ಬಿಟ್ಟಿರಲಿಲ್ಲ. ಮೇ 2ಕ್ಕೆ ಕಾರ್ಮಿಕ ಸಂಘಗಳ ಕಚೇರಿಗಳಿಗೆ ನುಗ್ಗಿದರು. ಮೇ 10ಕ್ಕೆ ಪುಸ್ತಕ ಸುಟ್ಟರು. ಜುಲೈ 14ಕ್ಕೆ ಒಂದೇ ಪಕ್ಷ ಅಂತ ಕಾನೂನು ಮಾಡಿದರು. ಆರು ತಿಂಗಳು ಸಾಕಾಯ್ತು ಸರ್. ಕೊನೆಗೆ ಸೈನ್ಯದ ಜನರಲ್ ಸ್ಟಾಫ್ ಮುಖ್ಯಸ್ಥ ಲುಡ್ವಿಗ್ ಬೆಕ್ "ಈ ಯುದ್ಧ ನಮ್ಮನ್ನ ಮುಳುಗಿಸುತ್ತೆ" ಅಂತ ಎಚ್ಚರಿಸಿದ. ಯಾರೂ ಕೇಳಲಿಲ್ಲ. 1938ರ ಆಗಸ್ಟ್‌ನಲ್ಲಿ ಅವನೇ ರಾಜೀನಾಮೆ ಕೊಟ್ಟು ಹೋದ.

"ಆದ್ರೂ ಉದ್ಯೋಗ ಕೊಟ್ಟ ಅಲ್ವಾ?" ಇದು ಎರಡನೇ ಪ್ರಶ್ನೆ. ಕೊಟ್ಟ. ಮುಷ್ಕರ ಮಾಡೋ ಹಕ್ಕು ಕಿತ್ಕೊಂಡು ಕೊಟ್ಟ. ಆ ಉದ್ಯೋಗದ ದೊಡ್ಡ ಪಾಲು ಫಿರಂಗಿ, ವಿಮಾನ, ಬಾಂಬಿನ ಕಾರ್ಖಾನೆಗಳದ್ದು. ಅದಕ್ಕೆ ಮಾಡಿದ ಸಾಲವನ್ನ ಲೆಕ್ಕದ ಪುಸ್ತಕದಲ್ಲಿ ಕಾಣದ ಹಾಗೆ ಮುಚ್ಚಿಟ್ಟರು. ಬಾಂಬನ್ನ ಜನ ಊಟ ಮಾಡೋಕಾಗುತ್ತಾ? ಸಾಲ ತೀರಿಸೋಕೆ ಪಕ್ಕದ ಮನೆ ದೋಚಬೇಕು. 1938ರ ಮಾರ್ಚ್‌ನಲ್ಲಿ ಆಸ್ಟ್ರಿಯಾ ನುಂಗಿದ, ಅಲ್ಲಿನ ಬ್ಯಾಂಕಿನ ಚಿನ್ನ ಬರ್ಲಿನ್‌ಗೆ ಬಂತು. ಮುಂದಿನ ವರ್ಷ ಪ್ರಾಗ್‌ಗೆ ನುಗ್ಗಿದ, ಅಲ್ಲಿನ ಚಿನ್ನಕ್ಕೂ ಅದೇ ಗತಿ.

ಕೊನೆಗೆ ಪೋಲೆಂಡ್. 1939ರ ಆಗಸ್ಟ್ 31ರ ರಾತ್ರಿ ಗಡಿಯ ಗ್ಲೈವಿಟ್ಸ್ ರೇಡಿಯೋ ಕೇಂದ್ರದ ಮೇಲೆ "ಪೋಲೆಂಡಿನವರು" ದಾಳಿ ಮಾಡಿದರು. ವಾಸ್ತವದಲ್ಲಿ ದಾಳಿ ಮಾಡಿದ್ದು ಹಿಟ್ಲರನ ಎಸ್‌ಎಸ್ ಪಡೆಯವರೇ. ಸಾಕ್ಷಿಗೆ ಅಂತ ಒಬ್ಬ ಬಡಪಾಯಿಯ ಹೆಣವನ್ನೂ ಅಲ್ಲಿ ಬಿಟ್ಟಿದ್ದರು. ಬೆಳಗಾಗೋದರೊಳಗೆ ಯುದ್ಧ ಶುರು. ಪತ್ರಿಕೆಗಳೆಲ್ಲ ಸರ್ಕಾರದ ಕೈಯಲ್ಲಿದ್ದಾಗ "ಇದು ಸುಳ್ಳು" ಅಂತ ಬರೆಯೋರು ಯಾರು?

ಹಿಟ್ಲರ್ ಒಬ್ಬನೇ ಅಲ್ಲ. ಜಪಾನಿನ ಸೇನಾಧಿಕಾರಿಗಳು 1931ರಲ್ಲಿ ಮಂಚೂರಿಯಾಕ್ಕೆ ನುಗ್ಗಿದರು, ಮುಸೊಲಿನಿ 1935ರಲ್ಲಿ ಇಥಿಯೋಪಿಯಾಕ್ಕೆ. ಮೂವರದ್ದೂ ಒಂದೇ ರಾಗ: ನಮ್ಮ ಜನಾಂಗ ದೊಡ್ಡದು, ನಮಗೆ ಅನ್ಯಾಯ ಆಗಿದೆ, ನಮಗೆ ಜಾಗ ಬೇಕು. ವರ್ಸೇಲ್ಸ್ ಒಪ್ಪಂದದಿಂದ ಜರ್ಮನ್ನರಿಗೆ ಅವಮಾನ ಆಗಿತ್ತು, ನಿಜ. ಮ್ಯೂನಿಕ್‌ನಲ್ಲಿ ಬ್ರಿಟನ್, ಫ್ರಾನ್ಸ್ ಬೇರೆಯವರ ನೆಲ ಕೊಟ್ಟು ಕೈತೊಳೆದುಕೊಂಡವು, ಅದೂ ನಿಜ. ಆದರೆ ಅವಮಾನವನ್ನ ಬೆಂಕಿ ಮಾಡಿ ಅದರಲ್ಲಿ ಚಳಿ ಕಾಯಿಸಿಕೊಂಡವರು ಯಾರು ಅನ್ನೋದನ್ನ ಮರೀಬಾರದು.

ಆ ಬೆಂಕಿ ನಮ್ಮ ಹೊಟ್ಟೆಗೂ ಬಿತ್ತು. 1942ರಲ್ಲಿ ಜಪಾನ್ ಬರ್ಮಾ ಹಿಡಿದ ಮೇಲೆ ಅಲ್ಲಿನ ಅಕ್ಕಿ ನಿಂತಿತು. ಜಪಾನಿಗೆ ಸಿಗಬಾರದು ಅಂತ ಬ್ರಿಟಿಷರು ಬಂಗಾಳದ ಬಡವರ ದೋಣಿಗಳನ್ನೇ ಕಿತ್ಕೊಂಡರು. 1943ರ ಬರದಲ್ಲಿ ಲಕ್ಷ ಲಕ್ಷ ಜನ ಸತ್ತರು. ಸತ್ತವರಲ್ಲಿ ಹೆಚ್ಚಿನವರು ಭೂಮಿ ಇಲ್ಲದ ಕೂಲಿಗಳು, ಬೆಸ್ತರು. ಕಲ್ಕತ್ತಾದ ಜಮೀನ್ದಾರರಲ್ಲ. ಸೈನ್ಯಕ್ಕೆ ಹೋದವರೂ ಬಡವರ ಮಕ್ಕಳೇ. ಅದುವರೆಗೆ ಬ್ರಿಟಿಷರು ಮಹಾರರಿಗೆ ಸೈನ್ಯದ ಬಾಗಿಲು ಮುಚ್ಚಿದ್ದರು, 1941ರಲ್ಲಿ ನಮ್ಮ ಬೆಳಗಾವಿಯಲ್ಲೇ ಮಹಾರ್ ರೆಜಿಮೆಂಟ್ ಕಟ್ಟಿದರು. ಸಾಯೋಕೆ ಆಳು ಬೇಕಾದಾಗ ಅಸ್ಪೃಶ್ಯತೆ ಅಡ್ಡ ಬರಲಿಲ್ಲ ನೋಡಿ!

ಬಾಬಾಸಾಹೇಬರಿಗೆ ಇದೆಲ್ಲ ಗೊತ್ತಿತ್ತು. ಬ್ರಿಟಿಷರ ಮೇಲೆ ಎಷ್ಟೇ ಸಿಟ್ಟಿದ್ದರೂ ನಾಜಿಗಳು ಗೆದ್ದರೆ ಸ್ವಾತಂತ್ರ್ಯ, ಸಮಾನತೆ ಅನ್ನೋ ಮಾತೇ ಇರಲ್ಲ ಅಂತ ಅವರು ನಂಬಿದ್ದರು. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ನಿಂತು, ರಾಜಕೀಯದಲ್ಲಿ ಭಕ್ತಿ, ವ್ಯಕ್ತಿಪೂಜೆ ಸರ್ವಾಧಿಕಾರದ ದಾರಿ ಅಂತ ಎಚ್ಚರಿಸಿದರು. ಯುದ್ಧ ಮುಗಿದು ನಾಲ್ಕೇ ವರ್ಷ ಆಗಿತ್ತು. ಆರು ಕೋಟಿಗೂ ಹೆಚ್ಚು ಹೆಣಗಳ ಲೆಕ್ಕ ಕಣ್ಣಮುಂದೆ ಇತ್ತು.

ಸರ್, ಕಚೇರಿ ಸರಿಯಾಗಿ ನಡೀಬೇಕು, ಲಂಚ ನಿಲ್ಲಬೇಕು ಅನ್ನೋ ನಿಮ್ಮ ಸಿಟ್ಟು ನನಗೂ ಇದೆ. ಅದಕ್ಕೆ ಮಾಹಿತಿ ಹಕ್ಕು ಇದೆ, ಕೋರ್ಟಿದೆ, ಯೂನಿಯನ್ ಇದೆ, ಓಟಿದೆ. ನಿಧಾನ, ಒಪ್ತೀನಿ. ಆದರೆ ನೀವು ಬೇಕು ಅಂತಿರೋ ಆ ಮನುಷ್ಯ ಬಂದರೆ ಮೊದಲು ಮುಚ್ಚೋದು ಇವನ್ನೇ. ಆಮೇಲೆ ಒಂದು ದಿನ ನಿಮ್ಮ ಟೇಬಲ್ಲಿಗೆ ಒಂದು ಸುತ್ತೋಲೆ, ಒಂದು ಪಟ್ಟಿ, ಒಂದು ಸೀಲು ಬರುತ್ತೆ. ಆ ಪಟ್ಟಿಯಲ್ಲಿ ನನ್ನ ಹೆಸರಿರಬಹುದು. ಗಡಿಗೆ ಹೋಗೋರ ಪಟ್ಟಿಯಲ್ಲಿ ನಿಮ್ಮ ಮಗನ ಹೆಸರಿರಬಹುದು.

ನಾಳೆ ಟೀ ನನ್ನ ಲೆಕ್ಕದಲ್ಲಿ. ಬನ್ನಿ, ಮಾತಾಡೋಣ.

ಜೈ ಭೀಮ್.